ಎಲೆಯೊಳಗಿನ ಹುಳಿಯನ್ನು ಅಳೆದ ಬಣ್ಣ

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಆಂಡ್ರೆ ಜಾಗೆಂಡಾರ್ಫ್ ಮತ್ತು ಅವರ ಸಹೋದ್ಯೋಗಿ ಅರ್ನೆಸ್ಟ್ ಉರಿಬೆ 1966ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ ಹಸಿರು ಪೊರೆಗಳನ್ನು ಅವರು ಕತ್ತಲೆಯಲ್ಲಿ ಹುಳಿ ದ್ರಾವಣದಲ್ಲಿ ಸ್ವಲ್ಪ ಹೊತ್ತು ಇಟ್ಟರು. ಅದರ ಪಿಎಚ್ ಸುಮಾರು 4. ಆಮೇಲೆ ಒಮ್ಮೆಲೇ ಪಿಎಚ್ 8ರ ಕ್ಷಾರ ದ್ರಾವಣಕ್ಕೆ ಸೇರಿಸಿದರು. ಎರಡನೆಯ ದ್ರಾವಣದಲ್ಲಿ ಎಡಿಪಿ ಮತ್ತು ಫಾಸ್ಫೇಟ್ ಇದ್ದವು. ಬೆಳಕಿನ ಒಂದು ಕಿರಣವೂ ಸೋಕಲಿಲ್ಲ. ಆದರೂ ಎಟಿಪಿ ತಯಾರಾಗಿತ್ತು.

ದ್ಯುತಿಸಂಶ್ಲೇಷಣೆಯ ಇತಿಹಾಸದಲ್ಲಿ ಇಷ್ಟು ಸರಳವೂ ಇಷ್ಟು ನಿರ್ಣಾಯಕವೂ ಆದ ಪ್ರಯೋಗಗಳು ಕಡಿಮೆ. ಎಡಿಪಿಗೆ ಇನ್ನೊಂದು ಫಾಸ್ಫೇಟ್ ಜೋಡಿಸಿದರೆ ಎಟಿಪಿ ಆಗುತ್ತದೆ. ಜೋಡಿಸಲು ಶಕ್ತಿ ಬೇಕು, ಬಿಡಿಸಿದಾಗ ಆ ಶಕ್ತಿ ಜೀವಕೋಶದ ಕೆಲಸಕ್ಕೆ ಸಿಗುತ್ತದೆ. ಎಲೆಯಿಂದ ಬೇರ್ಪಡಿಸಿದ ಹಸಿರು ಕಣಗಳಾದ ಕ್ಲೋರೋಪ್ಲಾಸ್ಟ್‌ಗಳು ಬೆಳಕಿನ ಬಲದಿಂದ ಎಟಿಪಿ ಮಾಡಬಲ್ಲವು ಎಂಬುದನ್ನು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಡೇನಿಯಲ್ ಆರ್ನನ್ ತಂಡ 1954ರಲ್ಲೇ ತೋರಿಸಿತ್ತು. ಉಳಿದಿದ್ದ ಪ್ರಶ್ನೆ ಒಂದೇ. ಬೆಳಕು ಬಿದ್ದ ಕ್ಷಣಕ್ಕೂ ಎಟಿಪಿ ಹುಟ್ಟುವ ಕ್ಷಣಕ್ಕೂ ನಡುವೆ ಆ ಶಕ್ತಿ ಯಾವ ರೂಪದಲ್ಲಿ ಇರುತ್ತದೆ?

ಆಗಿನ ಹೆಚ್ಚಿನ ಜೀವರಸಾಯನ ವಿಜ್ಞಾನಿಗಳ ಉತ್ತರ ಸಿದ್ಧವಾಗಿತ್ತು: ಯಾವುದೋ ಒಂದು ಮಧ್ಯವರ್ತಿ ಅಣು ಶಕ್ತಿಯನ್ನು ಹಿಡಿದಿಟ್ಟುಕೊಂಡು ಎಡಿಪಿಗೆ ದಾಟಿಸುತ್ತದೆ. ಆ ಅಣುವನ್ನು ಹುಡುಕಲು ದೊಡ್ಡ ದೊಡ್ಡ ಪ್ರಯೋಗಾಲಯಗಳು ವರ್ಷಗಟ್ಟಲೆ ಬೆವರು ಸುರಿಸಿದವು. ಅದು ಸಿಗಲೇ ಇಲ್ಲ. 1961ರಲ್ಲಿ, ಆಗ ಎಡಿನ್‌ಬರೋದಲ್ಲಿದ್ದ ಪೀಟರ್ ಮಿಚೆಲ್ ಬೇರೆಯೇ ಮಾತು ಹೇಳಿದರು. ಅಂಥ ಅಣುವೇ ಇಲ್ಲ. ಶಕ್ತಿ ಉಳಿಯುವುದು ಪೊರೆಯ ಎರಡು ಬದಿಗಳ ನಡುವಿನ ವ್ಯತ್ಯಾಸದಲ್ಲಿ. ಎಲೆಕ್ಟ್ರಾನ್‌ಗಳು ಪೊರೆಯಲ್ಲಿ ಹರಿಯುವಾಗ ಪ್ರೋಟಾನ್‌ಗಳನ್ನು ಒಂದು ಬದಿಗೆ ಸಾಗಿಸುತ್ತವೆ. ಅಲ್ಲಿ ಪ್ರೋಟಾನ್ ಜಾಸ್ತಿಯಾಗಿ ಹುಳಿಯಾಗುತ್ತದೆ, ಇನ್ನೊಂದು ಬದಿಯಲ್ಲಿ ಕಡಿಮೆಯಾಗುತ್ತದೆ. ಜೊತೆಗೆ ವಿದ್ಯುತ್ ವ್ಯತ್ಯಾಸವೂ ಹುಟ್ಟುತ್ತದೆ. ಪ್ರೋಟಾನ್‌ಗಳು ಒಂದು ಕಿಣ್ವದ ಮೂಲಕ ಹಿಂದಿರುಗುವಾಗ ಎಟಿಪಿ ತಯಾರಾಗುತ್ತದೆ. ಬಹಳ ಮಂದಿ ಇದನ್ನು ಒಪ್ಪಲಿಲ್ಲ. ಮಿಚೆಲ್ ಮಾತು ಮೊದಲ ಸಲ ಕೇಳಿದಾಗ ತನಗೂ ತಲೆಗೆ ಹತ್ತಲಿಲ್ಲ ಎಂದು ಜಾಗೆಂಡಾರ್ಫ್ ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಆದರೆ ಜಾಗೆಂಡಾರ್ಫ್ ಅವರ ಪ್ರಯೋಗಾಲಯದಿಂದಲೇ ಪುರಾವೆಗಳು ಒಂದೊಂದಾಗಿ ಬಂದವು. ಮೊದಲು ಬೆಳಕು ಕೊಟ್ಟು, ಆಮೇಲೆ ಕತ್ತಲೆಯಲ್ಲಿ ಎಡಿಪಿ ಸೇರಿಸಿದರೂ ಎಟಿಪಿ ಆಗುತ್ತದೆ ಎಂದು ಹೈಂಡ್ ಮತ್ತು ಜಾಗೆಂಡಾರ್ಫ್ 1963ರಲ್ಲಿ ಕಂಡರು. ಅಂದರೆ ಶಕ್ತಿ ಎಲ್ಲೋ ಕೆಲವು ಸೆಕೆಂಡ್ ತಂಗಿತ್ತು. ಹೀಗೆ ಹುಟ್ಟಿದ ಎಟಿಪಿಯ ಪ್ರಮಾಣವೂ ಪೊರೆಯಲ್ಲಿ ಅಡಗಿರಬಹುದಾದ ಯಾವುದೇ ಮಧ್ಯವರ್ತಿ ಅಣುವಿನ ಲೆಕ್ಕಕ್ಕೆ ಮೀರಿತ್ತು. ಮರುವರ್ಷ ನ್ಯೂಮನ್ ಮತ್ತು ಜಾಗೆಂಡಾರ್ಫ್ ಇನ್ನೊಂದು ಸಂಗತಿ ತೋರಿಸಿದರು. ಬೆಳಕು ಬಿದ್ದಾಗ ಕ್ಲೋರೋಪ್ಲಾಸ್ಟ್‌ಗಳ ಸುತ್ತಲಿನ ದ್ರಾವಣದ ಪಿಎಚ್ ಏರುತ್ತದೆ, ಬೆಳಕು ಆರಿಸಿದರೆ ಇಳಿಯುತ್ತದೆ. ಹೊರಗಿನ ಪ್ರೋಟಾನ್‌ಗಳು ಎಲ್ಲೋ ಒಳಗೆ ಹೋಗುತ್ತಿವೆ. 1966ರ ಹುಳಿ ಪ್ರಯೋಗ ಬಂದದ್ದು ಇವುಗಳ ಬೆನ್ನಿಗೇ. ಬೆಳಕು ಮಾಡುವ ಕೆಲಸವನ್ನು ಕೈಯಾರೆ ಮಾಡಿಕೊಟ್ಟರೆ ಬೆಳಕೇ ಬೇಡ ಎಂದು ಅದು ತೋರಿಸಿತು.

ಆದರೂ ಒಂದು ದೊಡ್ಡ ಕೊರತೆ ಉಳಿಯಿತು. ನಿಜವಾದ ಬೆಳಕಿನಲ್ಲಿ, ನಿಜವಾಗಿ ಕೆಲಸ ಮಾಡುತ್ತಿರುವ ಪೊರೆಯ ಒಳಗೆ ಎಷ್ಟು ಹುಳಿಯಾಗುತ್ತದೆ? ಹೊರಗಿನ ದ್ರಾವಣಕ್ಕೆ ಪಿಎಚ್ ಮೀಟರಿನ ಕಡ್ಡಿ ಇಳಿಸಬಹುದು. ಒಳಗೆ?

ಆ ‘ಒಳಗೆ’ ಎಷ್ಟು ಚಿಕ್ಕದು ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಕ್ಲೋರೋಪ್ಲಾಸ್ಟ್‌ನಲ್ಲಿ ಥೈಲಕಾಯ್ಡ್ ಎಂಬ ಚಪ್ಪಟೆ ಪೊರೆಚೀಲಗಳು ಒಂದರ ಮೇಲೊಂದು ಪೇರಿಕೊಂಡಿರುತ್ತವೆ. ಒಂದು ತಟ್ಟೆಯ ಅಡ್ಡಳತೆ ಸುಮಾರು 500 ನ್ಯಾನೋಮೀಟರ್. ಅದರೊಳಗಿನ ಪೊಳ್ಳು ಜಾಗಕ್ಕೆ ಲುಮೆನ್ ಎನ್ನುತ್ತಾರೆ. ಅದರ ಎತ್ತರ 10 ನ್ಯಾನೋಮೀಟರಿನ ಆಸುಪಾಸು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಈ ಅಳತೆಗಳನ್ನು ಹಿಡಿದು ಗುಣಿಸಿದರೆ, ಪಿಎಚ್ 6 ಇರುವಾಗ ಒಂದು ತಟ್ಟೆಯ ಲುಮೆನ್ನಿನಲ್ಲಿ ಯಾವುದಕ್ಕೂ ಅಂಟದೆ ಬಿಡಿಯಾಗಿರುವ ಪ್ರೋಟಾನ್‌ಗಳ ಸಂಖ್ಯೆ ಸರಾಸರಿ ಒಂದು! ಪಿಎಚ್ 5ಕ್ಕೆ ಇಳಿದರೂ ಹತ್ತು ಹನ್ನೆರಡು, ಅಷ್ಟೇ. ಒಳಗೆ ಬಂದ ಪ್ರೋಟಾನ್‌ಗಳಲ್ಲಿ ಬಹುಪಾಲು ಅಲ್ಲಿನ ಪ್ರೋಟೀನ್‌ಗಳಿಗೆ ಅಂಟಿಕೊಂಡಿರುತ್ತವೆ. ಇಂಥ ಸಂದಿಗೆ ಇಳಿಸಬಲ್ಲ ಕಡ್ಡಿಯನ್ನು ಯಾರೂ ಮಾಡಲಾರರು. ಅಲ್ಲಿಗೆ ಹೋಗಿ ಬರಲು ಒಂದು ಅಣುವೇ ಬೇಕು, ಅದೂ ತಾನು ಒಳಹೋದದ್ದನ್ನು ಹೊರಗಿರುವವರಿಗೆ ತಿಳಿಸಬಲ್ಲ ಅಣು.

ಅಂಥ ಅಣು ದೊರೆತದ್ದು ಔಷಧದ ಕಪಾಟಿನಲ್ಲಿ.

ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್ ಬಿಸಿಲಿನಲ್ಲಿ ನೀಲಿಯಾಗಿ ಹೊಳೆಯುವುದನ್ನು ಜಾನ್ ಹರ್ಷೆಲ್ 1845ರಲ್ಲಿ ಬರೆದಿಟ್ಟಿದ್ದರು. 1852ರಲ್ಲಿ ಜಾರ್ಜ್ ಸ್ಟೋಕ್ಸ್ ಅದರ ಗುಟ್ಟು ಬಿಡಿಸಿದರು. ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು ಅಣು ಹೀರಿಕೊಳ್ಳುತ್ತದೆ, ಅದರಲ್ಲಿ ಒಂದಿಷ್ಟು ಶಕ್ತಿ ಕಳೆದುಕೊಂಡು, ಉಳಿದದ್ದನ್ನು ಕಣ್ಣಿಗೆ ಕಾಣುವ ಬಣ್ಣವಾಗಿ ಹೊರಬಿಡುತ್ತದೆ. ಇದೇ ಪ್ರತಿದೀಪ್ತಿ. ಎರಡನೆಯ ಮಹಾಯುದ್ಧದಲ್ಲಿ ಜಾವಾ ದ್ವೀಪ ಜಪಾನಿನ ವಶವಾದಾಗ ಜಗತ್ತಿನ ಕ್ವಿನೈನ್ ಪೂರೈಕೆಯ ಬಹುಪಾಲು ನಿಂತುಹೋಯಿತು. ಆಗ ಸೈನಿಕರಿಗೆ ಕೊಟ್ಟದ್ದು ಅಟೆಬ್ರಿನ್ ಎಂಬ ಹಳದಿ ಮಾತ್ರೆ. ಅದನ್ನು ನುಂಗಿದವರ ಚರ್ಮವೂ ಹಳದಿಗೆ ತಿರುಗುತ್ತಿತ್ತು. ಅಟೆಬ್ರಿನ್ ಕೂಡ ಹೊಳೆಯುವ ಅಣು, ಆಕ್ರಿಡಿನ್ ಬಣ್ಣಗಳ ಕುಟುಂಬದ್ದು. 1970ರಲ್ಲಿ ನೆದರ್ಲೆಂಡ್ಸ್‌ನ ರೂಡ್ ಕ್ರಾಯೆನ್‌ಹೋಫ್ ಅದನ್ನು ಕ್ಲೋರೋಪ್ಲಾಸ್ಟ್‌ಗಳ ಜೊತೆ ಬೆರೆಸಿ ಬೆಳಕು ಹಾಯಿಸಿದಾಗ ಅದರ ಹೊಳಪು ಕುಗ್ಗಿತು. ಬೆಳಕು ಆರಿಸಿದಾಗ ಮರಳಿತು. ಪೊರೆಯಲ್ಲಿ ಶಕ್ತಿ ತುಂಬಿಕೊಂಡಿದೆಯೋ ಇಲ್ಲವೋ ಎಂಬುದನ್ನು ಹೊರಗಿನಿಂದಲೇ ನೋಡುವ ದಾರಿ ತೆರೆದಿತ್ತು.

ಹೊಳಪು ಕುಗ್ಗುವುದಕ್ಕೂ ಹುಳಿಗೂ ಇರುವ ನಂಟನ್ನು ಲೆಕ್ಕಕ್ಕೆ ತಂದವರು ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿದ್ದ ಶುಲ್ಡಿನರ್, ರೊಟೆನ್‌ಬರ್ಗ್ ಮತ್ತು ಆವ್ರಾನ್. 1972ರಲ್ಲಿ ಅವರು ಬಳಸಿದ ಬಣ್ಣ 9-ಅಮೈನೋಆಕ್ರಿಡಿನ್. ಅದು ಅಮೈನ್ ಜಾತಿಯ ಅಣು; ಪ್ರೋಟಾನ್ ಸಿಕ್ಕರೆ ಹಿಡಿದುಕೊಳ್ಳುತ್ತದೆ, ಹಿಡಿದ ಕೂಡಲೇ ಧನ ಆವೇಶ ಪಡೆಯುತ್ತದೆ. ಆವೇಶವಿಲ್ಲದ ರೂಪ ಪೊರೆಯನ್ನು ಸಲೀಸಾಗಿ ದಾಟುತ್ತದೆ, ಆವೇಶವಿರುವ ರೂಪ ದಾಟಲಾರದು. ಲುಮೆನ್ ಹುಳಿಯಾಗಿದ್ದರೆ ಒಳಬಂದ ಅಣು ಪ್ರೋಟಾನ್ ಹಿಡಿದು ಅಲ್ಲೇ ಸಿಕ್ಕಿಬೀಳುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಗದ್ದೆಗಳ ನೀರಿನ ಹಾದಿಗೆ ಒಡ್ಡುವ ಬಿದಿರಿನ ಕೂಣಿಯನ್ನು ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ: ಮೀನು ಒಳಗೆ ಹೋಗಲು ತಡೆಯಿಲ್ಲ, ಒಳಮುಖವಾಗಿ ಬಾಗಿದ ಕಡ್ಡಿಗಳು ಹೊರಗೆ ಬರಲು ಬಿಡುವುದಿಲ್ಲ. ಒಳಗೆ ಎಷ್ಟು ಹುಳಿಯೋ ಅಷ್ಟು ಬಣ್ಣ ಅಲ್ಲಿ ಸೇರುತ್ತದೆ. ಆ ಇಕ್ಕಟ್ಟಿನಲ್ಲಿ ಅಣುಗಳು ಒಂದಕ್ಕೊಂದು ತೀರಾ ಹತ್ತಿರವಾಗಿ ಹೊಳಪು ಕಳೆದುಕೊಳ್ಳುತ್ತವೆ. ಹೊರಗೆ ಉಳಿದವು ಮಾತ್ರ ಹೊಳೆಯುತ್ತವೆ. ಹಾಗಾಗಿ ಎಷ್ಟು ಹೊಳಪು ಹೋಯಿತು ಎಂದು ನೋಡಿದರೆ ಎಷ್ಟು ಬಣ್ಣ ಒಳಹೋಯಿತು ಎಂದು ಗೊತ್ತಾಗುತ್ತದೆ.

ಪ್ರಯೋಗ ನಡೆಯುವ ಬಗೆಯನ್ನು ಹತ್ತಿರದಿಂದ ನೋಡೋಣ. ತಾಜಾ ಪಾಲಕ್ ಎಲೆಗಳ ದಂಟು ತೆಗೆದು, ಮಂಜುಗಡ್ಡೆಯಷ್ಟು ತಣ್ಣಗಿರುವ ಸಕ್ಕರೆ ಬೆರೆತ ಬಫರ್ ದ್ರಾವಣದಲ್ಲಿ ಕೆಲವೇ ಸೆಕೆಂಡ್ ಅರೆಯುತ್ತಾರೆ. ಹೆಚ್ಚು ಅರೆದರೆ ಪೊರೆಗಳೇ ಹರಿದು ಪ್ರಯೋಗ ಕೆಡುತ್ತದೆ. ಮಲ್ ಬಟ್ಟೆಯಲ್ಲಿ ಸೋಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ತಳದಲ್ಲಿ ಗಾಢ ಹಸಿರು ಗಸಿ ನಿಲ್ಲುತ್ತದೆ. ಅದೇ ಕ್ಲೋರೋಪ್ಲಾಸ್ಟ್. ಸಕ್ಕರೆಯಿಲ್ಲದ ದ್ರಾವಣದಲ್ಲಿ ಅವುಗಳ ಹೊರಪೊರೆ ಒಡೆದು ಥೈಲಕಾಯ್ಡ್‌ಗಳು ಬಯಲಾಗುತ್ತವೆ. ಇಷ್ಟೂ ಕೆಲಸ ಮಂದ ಬೆಳಕಿನಲ್ಲಿ, ಮಂಜುಗಡ್ಡೆಯ ಮೇಲೆ, ಬೇಗ ಬೇಗ ಆಗಬೇಕು. ತಡವಾದಷ್ಟೂ ಪೊರೆ ಸೋರತೊಡಗುತ್ತದೆ, ಸೋರುವ ಪೊರೆ ಏನನ್ನೂ ಹಿಡಿದಿಡಲಾರದು.

ಆ ಹಸಿರು ದ್ರಾವಣದಲ್ಲಿ ಒಂದಿಷ್ಟನ್ನು ಗಾಜಿನ ಚೌಕ ನಳಿಕೆಗೆ ಹಾಕಿ, ಕೆಲವು ಮೈಕ್ರೋಮೋಲಾರ್‌ನಷ್ಟೇ ಬಣ್ಣ ಸೇರಿಸಿ, ಪ್ರತಿದೀಪ್ತಿಮಾಪಕದಲ್ಲಿ ಇಡುತ್ತಾರೆ. ಬಣ್ಣವನ್ನು ಹೊಳೆಯಿಸಲು ಸುಮಾರು 400 ನ್ಯಾನೋಮೀಟರಿನ ಮಂದ ನೇರಳೆ ಬೆಳಕು. ಅದು ನೀಲಿಯಾಗಿ ಹೊಳೆಯುತ್ತದೆ. ದ್ಯುತಿಸಂಶ್ಲೇಷಣೆ ನಡೆಸಲು ಪ್ರಖರ ಕೆಂಪು ಬೆಳಕು. ಅಳೆಯುವ ಕಣ್ಣಿನ ಮುಂದೆ ನೀಲಿ ಗಾಜು, ಆ ಕೆಂಪು ಒಳಗೆ ಬಾರದಂತೆ. ಎಲೆಕ್ಟ್ರಾನ್‌ಗಳಿಗೆ ಕೊನೆಯಲ್ಲಿ ಹೋಗಲು ಒಂದು ಜಾಗವೂ ಬೇಕಲ್ಲ, ಅದಕ್ಕೆ ಅತಿ ಸ್ವಲ್ಪ ಮೀಥೈಲ್ ವಯೋಲೋಜೆನ್ ಬೆರೆಸುತ್ತಾರೆ. ನಮ್ಮ ರೈತರಿಗೆ ಅದು ಪ್ಯಾರಾಕ್ವಾಟ್ ಎಂಬ ಕಳೆನಾಶಕವಾಗಿ ಗೊತ್ತು. ಎಲೆಯ ಎಲೆಕ್ಟ್ರಾನ್‌ಗಳನ್ನು ಕಸಿದು ಆಮ್ಲಜನಕಕ್ಕೆ ದಾಟಿಸುವುದೇ ಅದರ ವಿಷದ ಕೆಲಸ.

ಹೊಳಪಿನ ಏರಿಳಿತವನ್ನು ಮಾಪಕ ಒಂದು ಗೆರೆಯಾಗಿ ಬರೆಯುತ್ತದೆ. ಕೆಂಪು ಬೆಳಕು ಹಾಕಿದ ಕೂಡಲೇ ಆ ಗೆರೆ ಇಳಿಯತೊಡಗುತ್ತದೆ. ಕೆಲವು ಸೆಕೆಂಡುಗಳಲ್ಲಿ ಹೊಳಪಿನ ದೊಡ್ಡ ಪಾಲು ಮಾಯವಾಗಿ ಗೆರೆ ಕೆಳಗೆ ಸಮವಾಗಿ ನಿಲ್ಲುತ್ತದೆ. ಬೆಳಕು ಆರಿಸಿದರೆ ನಿಧಾನವಾಗಿ ಮೇಲೇರಿ ಮೊದಲಿದ್ದ ಜಾಗಕ್ಕೆ ಬರುತ್ತದೆ. ಮತ್ತೆ ಹಾಕಿದರೆ ಮತ್ತೆ ಇಳಿಯುತ್ತದೆ. ಈಗ ಬೆಳಕು ಇರುವಾಗಲೇ ಒಂದು ಹನಿ ಅಮೋನಿಯಂ ಕ್ಲೋರೈಡ್ ಹಾಕಿದರೆ ಬೆಳಕು ಆರಿಸದಿದ್ದರೂ ಗೆರೆ ಮೇಲಕ್ಕೆ ಏರಿಬಿಡುತ್ತದೆ. ಅಮೋನಿಯಾ ಒಳನುಗ್ಗಿ ಪ್ರೋಟಾನ್‌ಗಳನ್ನೆಲ್ಲ ಹೀರಿಕೊಂಡಿತು, ಹುಳಿ ಹೋಯಿತು, ಬಣ್ಣ ಹೊರಬಂತು. ವಿಚಿತ್ರವೆಂದರೆ ಆಗ ಎಲೆಕ್ಟ್ರಾನ್‌ಗಳ ಹರಿವು ನಿಲ್ಲುವುದಿಲ್ಲ, ಇನ್ನೂ ಜೋರಾಗುತ್ತದೆ. ಬೆಳಕು ಖರ್ಚಾಗುತ್ತಲೇ ಇರುತ್ತದೆ, ಎಟಿಪಿ ಮಾತ್ರ ಇಲ್ಲ. ಶಕ್ತಿ ಸುಮ್ಮನೆ ಶಾಖವಾಗಿ ಹೋಗುತ್ತದೆ.

ಇನ್ನೊಂದು ನಳಿಕೆಯಲ್ಲಿ ಮೊದಲೇ ಡೈಯುರಾನ್ ಎಂಬ ಕಳೆನಾಶಕ ಹಾಕಿಟ್ಟರೆ ಬೆಳಕು ಎಷ್ಟು ಪ್ರಖರವಾಗಿದ್ದರೂ ಗೆರೆ ಕದಲುವುದೇ ಇಲ್ಲ. ಎಲೆಕ್ಟ್ರಾನ್ ಹರಿಯುವ ದಾರಿಯನ್ನೇ ಅದು ಮುಚ್ಚಿಬಿಟ್ಟಿರುತ್ತದೆ. ದಾವಣಗೆರೆ, ಹಾವೇರಿ ಸೀಮೆಯ ಮೆಕ್ಕೆಜೋಳದ ಬೆಳೆಗಾರರಿಗೆ ಪರಿಚಿತವಾದ ಅಟ್ರಾಜಿನ್ ತಡೆಯುವುದೂ ಅದೇ ಜಾಗದಲ್ಲಿ. ಮೆಕ್ಕೆಜೋಳ ಅದನ್ನು ಅರಗಿಸಿಕೊಂಡು ನಿರ್ವಿಷಗೊಳಿಸಬಲ್ಲದು, ಅನೇಕ ಕಳೆಗಳಿಗೆ ಆ ಸಾಮರ್ಥ್ಯವಿಲ್ಲ. ಹೊಲದಲ್ಲಿ ಕಳೆ ಒಣಗುವುದನ್ನು ಕಂಡವರು ಪ್ರಯೋಗಾಲಯದ ಈ ನೇರ ಗೆರೆಯನ್ನೂ ಒಮ್ಮೆ ಕಾಣಬೇಕು. ಎರಡೂ ಒಂದೇ ಘಟನೆ.

ನನಗೆ ಇದೆಲ್ಲಕ್ಕಿಂತ ಹೆಚ್ಚು ಇಷ್ಟವಾಗುವುದು ಮೂರನೆಯ ನಳಿಕೆ. ಗೆರೆ ಕೆಳಗೆ ನಿಂತಿರುವಾಗ ಅದಕ್ಕೆ ಸ್ವಲ್ಪ ಎಡಿಪಿ ಮತ್ತು ಫಾಸ್ಫೇಟ್ ಸೇರಿಸುತ್ತಾರೆ. ಗೆರೆ ಒಂದಿಷ್ಟು ಮೇಲೇರುತ್ತದೆ, ಪೂರ್ತಿ ಅಲ್ಲ. ಪ್ರೋಟಾನ್‌ಗಳು ಎಟಿಪಿ ಮಾಡುವ ಕಿಣ್ವದ ಮೂಲಕ ಹೊರಬರತೊಡಗಿವೆ, ಒಳಗಿನ ಹುಳಿ ತುಸು ಕಡಿಮೆಯಾಗಿದೆ. ಹಾಕಿದ ಎಡಿಪಿ ಎಲ್ಲ ಎಟಿಪಿ ಆಗಿ ಮುಗಿದ ಮೇಲೆ ಗೆರೆ ತಾನಾಗಿ ಮತ್ತೆ ಕೆಳಗಿಳಿಯುತ್ತದೆ. ಕೂಡಿಟ್ಟದ್ದು, ಖರ್ಚಾದದ್ದು, ಮತ್ತೆ ಕೂಡಿಕೊಂಡದ್ದು ಎಲ್ಲವೂ ಒಂದೇ ಗೆರೆಯಲ್ಲಿ ಕಣ್ಣೆದುರು ಬರುತ್ತದೆ. ಮಿಚೆಲ್ ಅವರ ಸಿದ್ಧಾಂತದ ಪರವಾಗಿ ಪುಟಗಟ್ಟಲೆ ವಾದ ಮಾಡುವುದಕ್ಕಿಂತ ಈ ಒಂದು ಗೆರೆ ತೋರಿಸುವುದು ಮೇಲು. ಅವರಿಗೆ ನೊಬೆಲ್ ಬಂದದ್ದು 1978ರಲ್ಲಿ. ಅಷ್ಟು ಹೊತ್ತಿಗೆ ಅವರು ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗ್ಲಿನ್ ಹೌಸ್ ಎಂಬ ಹಳೆಯ ಬಂಗಲೆಯನ್ನು ದುರಸ್ತಿ ಮಾಡಿಸಿ, ಅಲ್ಲೇ ಸ್ವಂತ ಪ್ರಯೋಗಾಲಯ ಕಟ್ಟಿಕೊಂಡಿದ್ದರು.

ಗೆರೆಯಿಂದ ಅಂಕಿಗೆ ಹೋಗುವುದು ಹೇಗೆ? ಉದಾಹರಣೆಗೆ, ನಳಿಕೆಯಲ್ಲಿರುವ ಎಲ್ಲ ಲುಮೆನ್‌ಗಳ ಒಟ್ಟು ಗಾತ್ರ ದ್ರಾವಣದ 2500ರಲ್ಲಿ ಒಂದು ಪಾಲು ಎಂದುಕೊಳ್ಳಿ. ಹೊಳಪು ಅರ್ಧಕ್ಕೆ ಇಳಿದರೆ ಅರ್ಧ ಬಣ್ಣ ಆ ಪುಟ್ಟ ಜಾಗಕ್ಕೆ ಹೋಗಿ ಸೇರಿದೆ ಎಂದಾಯಿತು. ಅಂದರೆ ಒಳಗಿನ ಸಾಂದ್ರತೆ ಹೊರಗಿನದಕ್ಕಿಂತ ಸುಮಾರು 2500 ಪಟ್ಟು. ಪ್ರೋಟಾನ್‌ಗಳ ಸಾಂದ್ರತೆಯೂ ಅಷ್ಟೇ ಪಟ್ಟು ಹೆಚ್ಚು. ಪಿಎಚ್ ಲಾಗರಿದಮ್ ಲೆಕ್ಕವಾದ್ದರಿಂದ ವ್ಯತ್ಯಾಸ 3.4. ಹೊರಗೆ 8 ಇದ್ದರೆ ಒಳಗೆ 4.6. ಈ ಬಗೆಯ ಲೆಕ್ಕದಿಂದ 1970ರ ದಶಕದಲ್ಲಿ ಪಿಎಚ್ ವ್ಯತ್ಯಾಸ ಮೂರು, ಮೂರೂವರೆ ಎಂಬ ಅಂಕಿಗಳು ಬಂದವು.

ಇಲ್ಲಿ ಎಚ್ಚರ ಬೇಕು. ಲುಮೆನ್ನಿನ ಗಾತ್ರವನ್ನು ತಪ್ಪಾಗಿ ಅಂದಾಜು ಮಾಡಿದರೆ ಉತ್ತರವೂ ತಪ್ಪುತ್ತದೆ. ಬೆಳಕಿನಲ್ಲಿ ಥೈಲಕಾಯ್ಡ್‌ಗಳ ಆಕಾರವೂ ಬದಲಾಗುತ್ತದೆ. ಅದಕ್ಕಿಂತ ದೊಡ್ಡ ತಕರಾರು ಬಣ್ಣದ ಸ್ವಭಾವದ್ದು. ಧನ ಆವೇಶದ ಅಣು ಋಣ ಆವೇಶದ ಪೊರೆಗೆ ಅಂಟಿಕೊಳ್ಳುತ್ತದೆ. ಪೊರೆಯ ಮೇಲೆ ಜೋಡಿ ಜೋಡಿಯಾಗಿ ಸೇರಿಯೇ ಅದು ಹೊಳಪು ಕಳೆದುಕೊಳ್ಳುತ್ತದೆ ಎಂದು ಗ್ರೆಜೀಕ್ ಮತ್ತು ಡೆಂಚರ್ 1988ರಲ್ಲಿ ಕೃತಕ ಪೊರೆಚೀಲಗಳಲ್ಲಿ ತೋರಿಸಿದರು. ಅಂದರೆ ಕಳೆದ ಹೊಳಪೆಲ್ಲ ಲುಮೆನ್ನಿನ ನೀರಿನಲ್ಲಿ ಕರಗಿದ ಬಣ್ಣದ ಲೆಕ್ಕವಲ್ಲ. ಹಾಗೆಯೇ ಬಣ್ಣ ಹೆಚ್ಚು ಹಾಕಿದರೆ, ಅಮೈನ್ ಆದ್ದರಿಂದ ಅದೂ ಅಮೋನಿಯಾದಂತೆ ಹುಳಿಯನ್ನು ಕೆಡಿಸುತ್ತದೆ. ಅಳೆಯಬೇಕಾದದ್ದನ್ನೇ ಅಳೆಯುವ ಸಾಧನ ಅಳಿಸುತ್ತದೆ! ಅಟೆಬ್ರಿನ್‌ನಲ್ಲಿ ಈ ತೊಂದರೆ ಇನ್ನೂ ಹೆಚ್ಚು.

ಲುಮೆನ್ ನಿಜಕ್ಕೂ ಪಿಎಚ್ 5ಕ್ಕಿಂತ ಕೆಳಗೆ ಇಳಿದರೆ ನೀರನ್ನು ಒಡೆದು ಆಮ್ಲಜನಕ ಬಿಡುವ ವ್ಯವಸ್ಥೆ ತನ್ನ ಕ್ಯಾಲ್ಸಿಯಂ ಕಳೆದುಕೊಂಡು ಕೆಡುತ್ತದೆ. ಅಮೆರಿಕದ ಡೇವಿಡ್ ಕ್ರೇಮರ್ ಮತ್ತು ಸಂಗಡಿಗರು 1999ರಲ್ಲಿ ಇದನ್ನೂ ಇತರ ಸಾಕ್ಷ್ಯಗಳನ್ನೂ ಒಟ್ಟಿಗೆ ಇಟ್ಟು, ಸಾಮಾನ್ಯ ಸ್ಥಿತಿಯ ಜೀವಂತ ಎಲೆಯಲ್ಲಿ ಲುಮೆನ್ನಿನ ಪಿಎಚ್ ಸುಮಾರು 5.8ರಿಂದ 6.5ರ ನಡುವೆ ಇರುತ್ತದೆ ಎಂದು ವಾದಿಸಿದರು. ಉಳಿದ ಶಕ್ತಿ ವಿದ್ಯುತ್ ವ್ಯತ್ಯಾಸದ ರೂಪದಲ್ಲಿರುತ್ತದೆ. ಅದನ್ನು ಅಳೆಯಲು ಹೊರಗಿನ ಬಣ್ಣವೇ ಬೇಡ. ಪೊರೆಯಲ್ಲೇ ಇರುವ ಹಳದಿ ಕೆರೋಟಿನಾಯ್ಡ್‌ಗಳ ಮತ್ತು ಪತ್ರಹರಿತ್ತಿನ ಬಣ್ಣ ವಿದ್ಯುತ್ ಕ್ಷೇತ್ರದಲ್ಲಿ ತುಸು ಸರಿಯುತ್ತದೆ, 515 ನ್ಯಾನೋಮೀಟರಿನ ಬಳಿ ಅದನ್ನು ಓದಬಹುದು. ಜರ್ಮನಿಯ ಯುಂಗೆ ಮತ್ತು ವಿಟ್ ಇದನ್ನು 1968ರಲ್ಲೇ ಕಂಡಿದ್ದರು.

ಹಾಗಾದರೆ 9-ಅಮೈನೋಆಕ್ರಿಡಿನ್ ಹೇಳಿದ್ದು ಸುಳ್ಳೇ? ಅಲ್ಲ. ಹುಳಿ ಏರಿತೇ ಇಳಿಯಿತೇ, ಯಾವಾಗ, ಎಷ್ಟು ಬೇಗ, ಯಾವ ರಾಸಾಯನಿಕ ಅದನ್ನು ಕೆಡಿಸಿತು ಎಂಬ ಪ್ರಶ್ನೆಗಳಿಗೆ ಅದು ಕೊಟ್ಟ ಉತ್ತರ ಇವತ್ತಿಗೂ ಗಟ್ಟಿ. ನಿಖರವಾದ ಅಂಕಿ ಕೇಳಿದರೆ ಮಾತ್ರ ಅದನ್ನು ಒಂಟಿಯಾಗಿ ನಂಬಬಾರದು. ವೈಜ್‌ಮನ್ ತಂಡವೂ ಬಣ್ಣದ ಜೊತೆಗೆ ವಿಕಿರಣಶೀಲ ಮೀಥೈಲಮೈನ್ ಬಳಸಿ ಪಿಎಚ್ ವ್ಯತ್ಯಾಸವನ್ನು ಬೇರೆಯಾಗಿ ಅಳೆದಿತ್ತು. ಒಂದು ಅಳತೆಗೆ ಇನ್ನೊಂದು ಅಳತೆ ಸಾಕ್ಷಿಯಾಗಿ ನಿಲ್ಲಬೇಕು ಎಂಬ ಅವರ ಎಚ್ಚರವನ್ನು ನಾನು ಈ ಕಥೆಯ ಬಹುಮುಖ್ಯ ಭಾಗ ಎಂದುಕೊಂಡಿದ್ದೇನೆ.

ಅಂಕಿಗಳ ಮೇಲೆ ಇಷ್ಟು ಹಟ ಏಕೆ ಎಂದರೆ, ಎಲೆಯ ಇಡೀ ಆಯವ್ಯಯ ಅವುಗಳ ಮೇಲೆ ನಿಂತಿದೆ. ಎರಡು ನೀರಿನ ಅಣು ಒಡೆದು ಒಂದು ಆಮ್ಲಜನಕ ಹೊರಬರುವಾಗ ನಾಲ್ಕು ಎಲೆಕ್ಟ್ರಾನ್ ಹರಿಯುತ್ತವೆ, 12 ಪ್ರೋಟಾನ್ ಲುಮೆನ್ ಸೇರುತ್ತವೆ. ಪಾಲಕ್‌ನ ಎಟಿಪಿ ಕಿಣ್ವದಲ್ಲಿ ತಿರುಗುವ ಚಕ್ರಕ್ಕೆ 14 ಘಟಕಗಳಿವೆ ಎಂದು 2000ದಲ್ಲಿ ಪರಮಾಣು ಬಲ ಸೂಕ್ಷ್ಮದರ್ಶಕದಿಂದ ಗೊತ್ತಾಯಿತು. ಚಕ್ರ ಒಂದು ಸುತ್ತು ಬಂದರೆ ಮೂರು ಎಟಿಪಿ. ಅಂದರೆ ಒಂದು ಎಟಿಪಿಗೆ ಸುಮಾರು 4.7 ಪ್ರೋಟಾನ್. 12 ಪ್ರೋಟಾನ್‌ಗೆ ಎಟಿಪಿ ಬರೀ 2.6. ಆದರೆ ಒಂದು ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯ ದಾರಿಗೆ ಸೇರಿಸಲು ಬೇಕಾದದ್ದು ಮೂರು. ಈ ಕೊರತೆ ತುಂಬಲು ಎಲೆ ಒಂದಷ್ಟು ಎಲೆಕ್ಟ್ರಾನ್‌ಗಳನ್ನು ಹಿಂದಕ್ಕೆ ತಿರುಗಿಸಿ, ಮತ್ತೊಮ್ಮೆ ಪ್ರೋಟಾನ್ ಸಾಗಿಸಿಕೊಳ್ಳುತ್ತದೆ. ಪಿಎಚ್‌ನ ಒಂದೊಂದು ಅಂಕಿಯ ವ್ಯತ್ಯಾಸಕ್ಕೆ ಒಂದು ಮೋಲ್ ಪ್ರೋಟಾನ್‌ಗೆ 5.7 ಕಿಲೋಜೂಲ್ ಶಕ್ತಿ. ಒಂದು ಮೋಲ್ ಎಟಿಪಿ ಮಾಡಲು ಜೀವಕೋಶದೊಳಗೆ ಸುಮಾರು 50 ಕಿಲೋಜೂಲ್ ಬೇಕು. 4.7 ಪ್ರೋಟಾನ್‌ಗಳಿಂದ ಅದನ್ನು ಹೊಂದಿಸಲು ವ್ಯತ್ಯಾಸ ಎರಡರ ಹತ್ತಿರ ಇದ್ದರೆ ಸಾಕು. ಕ್ರೇಮರ್ ಹೇಳಿದ ಮಿತವಾದ ಹುಳಿಗೂ ಈ ಲೆಕ್ಕಕ್ಕೂ ಹೊಂದಿಕೆಯಾಗುತ್ತದೆ.

ಆ ಚಕ್ರ ನಿಜಕ್ಕೂ ತಿರುಗುತ್ತದೆ ಎಂದು ಕಣ್ಣಾರೆ ತೋರಿಸಿದ್ದೂ ಹೊಳೆಯುವ ಬಣ್ಣವೇ. ಅಮೆರಿಕದ ಪಾಲ್ ಬಾಯರ್ ಅದು ತಿರುಗುತ್ತಿರಬೇಕು ಎಂದು ಹೇಳುತ್ತ ಬಂದಿದ್ದರು. 1997ರಲ್ಲಿ ಜಪಾನಿನ ನೋಜಿ, ಯೋಶಿದಾ, ಕಿನೋಸಿಟಾ ಮತ್ತು ಸಂಗಡಿಗರು ಬಿಸಿನೀರಿನ ಬ್ಯಾಕ್ಟೀರಿಯಾದ ಕಿಣ್ವವನ್ನು ಗಾಜಿಗೆ ಅಂಟಿಸಿ, ಅದರ ನಡುಗಂಬಕ್ಕೆ ಬಣ್ಣ ಹಚ್ಚಿದ ಆಕ್ಟಿನ್ ಎಳೆ ಕಟ್ಟಿ, ಎಟಿಪಿ ಕೊಟ್ಟರು. ಸೂಕ್ಷ್ಮದರ್ಶಕದಲ್ಲಿ ಆ ಎಳೆ ಗಿರ್ರನೆ ಒಂದೇ ದಿಕ್ಕಿಗೆ ಸುತ್ತಿತು. ಅದೇ ವರ್ಷ ಬಾಯರ್ ಮತ್ತು ಜಾನ್ ವಾಕರ್‌ಗೆ ನೊಬೆಲ್ ಬಂತು.

ಎಲೆಗೆ ಈ ಹುಳಿ ಬರೀ ಎಟಿಪಿಗಾಗಿ ಇರುವುದಲ್ಲ. ಬಿಸಿಲು ತೀರಾ ಹೆಚ್ಚಾಗಿ ಪ್ರೋಟಾನ್‌ಗಳು ಖರ್ಚಾಗದೆ ಉಳಿದರೆ ಲುಮೆನ್ ಇನ್ನಷ್ಟು ಹುಳಿಯಾಗುತ್ತದೆ. ಆ ಹುಳಿಯೇ ಒಂದು ಕಿಣ್ವವನ್ನು ಎಬ್ಬಿಸಿ ವಯೋಲಾಕ್ಸಾಂಥಿನ್ ಎಂಬ ಹಳದಿ ವಸ್ತುವನ್ನು ಜಿಯಾಕ್ಸಾಂಥಿನ್ ಆಗಿ ಬದಲಿಸುತ್ತದೆ, ಪಿಎಸ್‌ಬಿಎಸ್ ಎಂಬ ಪ್ರೋಟೀನನ್ನೂ ಕೆಲಸಕ್ಕೆ ಹಚ್ಚುತ್ತದೆ. ಹೆಚ್ಚಾದ ಬೆಳಕು ಎಲೆಯನ್ನು ಸುಡುವ ಮೊದಲೇ ಶಾಖವಾಗಿ ಹೊರಹೋಗುತ್ತದೆ. ಈ ರಕ್ಷಣೆಗೂ ಪಿಎಚ್ ವ್ಯತ್ಯಾಸಕ್ಕೂ ನೇರ ಸಂಬಂಧವಿದೆ ಎಂಬುದನ್ನು ಬ್ರಿಯಾಂಟೆ, ಕ್ರೌಸೆ ಮತ್ತು ಸಂಗಡಿಗರು 1979ರಲ್ಲಿ ಅಳೆದು ತೋರಿಸಿದಾಗ, ಆ ಅಧ್ಯಯನದಲ್ಲೂ ದುಡಿದದ್ದು 9-ಅಮೈನೋಆಕ್ರಿಡಿನ್. ಆಷಾಢದಲ್ಲಿ ಮೋಡ ಓಡುವಾಗ ಗದ್ದೆಯ ಮೇಲೆ ಬಿಸಿಲು ನೆರಳು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಅಡಿಕೆ ತೋಟದ ನೆರಳಿನಲ್ಲಿರುವ ಮೆಣಸಿನ ಬಳ್ಳಿಯ ಎಲೆಗೂ ಬಿಸಿಲು ತುಂಡು ತುಂಡಾಗಿಯೇ ಸಿಗುವುದು. ನೆರಳು ಬಂದ ಮೇಲೂ ರಕ್ಷಣೆ ಕೆಲವು ನಿಮಿಷ ಮುಂದುವರಿದರೆ ಅಷ್ಟು ಬೆಳಕು ವ್ಯರ್ಥ. ಆ ರಕ್ಷಣೆ ಬೇಗ ಸಡಿಲವಾಗುವಂತೆ ಮೂರು ಜೀನ್‌ಗಳನ್ನು ಹೆಚ್ಚಿಸಿದ ತಂಬಾಕು ಗಿಡ ಹೊಲದಲ್ಲಿ ಸುಮಾರು ಶೇ 15ರಷ್ಟು ಹೆಚ್ಚು ಬೆಳೆಯಿತು ಎಂದು ಇಲಿನಾಯ್ ಮತ್ತು ಬರ್ಕ್ಲಿಯ ತಂಡ 2016ರಲ್ಲಿ ವರದಿ ಮಾಡಿತು. 2022ರಲ್ಲಿ ಸೋಯಾ ಅವರೆಯಲ್ಲೂ ಇಳುವರಿ ಹೆಚ್ಚಿದ ವರದಿ ಬಂತು. ಎಲ್ಲ ಗಿಡಗಳಲ್ಲೂ ಇದು ಫಲಿಸಿಲ್ಲ. ಅರಾಬಿಡಾಪ್ಸಿಸ್ ಎಂಬ ಗಿಡದಲ್ಲಿ ಬೆಳವಣಿಗೆ ಕುಂಠಿತವಾದದ್ದೂ ಉಂಟು. ಹಾಗಾಗಿ ಇದನ್ನು ನಾಳೆಯೇ ಭತ್ತದ ಗದ್ದೆಗೆ ಬರುವ ಪವಾಡ ಎಂದು ಹೇಳುವವರ ಮಾತನ್ನು ಸದ್ಯಕ್ಕೆ ನಂಬಬೇಡಿ.

ನಮ್ಮ ಪಿಯುಸಿ ಮೊದಲ ವರ್ಷದ ಜೀವಶಾಸ್ತ್ರದಲ್ಲಿ ಮಿಚೆಲ್ ಅವರ ಸಿದ್ಧಾಂತ ಒಂದು ಚಿತ್ರದ ಜೊತೆ ಬರುತ್ತದೆ. ಮಕ್ಕಳು ಆ ಚಿತ್ರವನ್ನು ಬಾಣಗಳ ಸಮೇತ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬಿಡಿಸುತ್ತಾರೆ. ಲುಮೆನ್ ಹುಳಿಯಾಗುತ್ತದೆ ಎಂದು ಯಾರಿಗಾದರೂ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆಯನ್ನು ಚಿತ್ರ ಕೇಳುವುದಿಲ್ಲ. ಉಪನ್ಯಾಸಕರಲ್ಲಿ ನನ್ನದೊಂದು ವಿನಂತಿ: ಆ ಪಾಠಕ್ಕೆ ಮುಂಚೆ ಒಂದು ಪೀರಿಯಡ್ ಇದಕ್ಕೆ ಕೊಡಿ. ಒಂದು ಹಿಡಿ ಪಾಲಕ್ ಸೊಪ್ಪನ್ನು ಜಜ್ಜಿ, ಸರ್ಜಿಕಲ್ ಸ್ಪಿರಿಟ್‌ನಲ್ಲಿ ಹತ್ತು ನಿಮಿಷ ನೆನೆಸಿ, ಸೋಸಿ ಗಾಜಿನ ಲೋಟಕ್ಕೆ ಹಾಕಿ. ಕೋಣೆ ಕತ್ತಲು ಮಾಡಿ, ನೋಟು ಪರೀಕ್ಷಿಸುವ ನೇರಳೆ ಟಾರ್ಚನ್ನು ಬದಿಯಿಂದ ಹಾಯಿಸಿ. ಹಸಿರು ದ್ರಾವಣ ರಕ್ತಗೆಂಪಾಗಿ ಹೊಳೆಯುತ್ತದೆ. ಪೊರೆಯಿಂದ ಬೇರ್ಪಟ್ಟ ಪತ್ರಹರಿತ್ತಿಗೆ ಹೀರಿದ ಬೆಳಕನ್ನು ದಾಟಿಸಲು ಈಗ ಯಾರೂ ಇಲ್ಲ, ಹಾಗಾಗಿ ಒಂದು ಪಾಲನ್ನು ಕೆಂಪಾಗಿ ಹೊರಗೆ ಚೆಲ್ಲುತ್ತಿದೆ. ಪಕ್ಕದಲ್ಲಿ ಒಂದು ಲೋಟ ಟಾನಿಕ್ ವಾಟರ್ ಇಟ್ಟರೆ ಅದರ ಕ್ವಿನೈನ್ ನೀಲಿಯಾಗಿ ಹೊಳೆಯುವುದನ್ನೂ ತೋರಿಸಬಹುದು. ಸ್ಪಿರಿಟ್ ಬಳಿ ಬೆಂಕಿ ಬೇಡ, ಟಾರ್ಚನ್ನು ಯಾರ ಕಣ್ಣಿಗೂ ಬಿಡಬೇಡಿ. ಪ್ರತಿದೀಪ್ತಿಮಾಪಕ ಇರುವ ಡಿಗ್ರಿ ಮತ್ತು ಸ್ನಾತಕೋತ್ತರ ಕಾಲೇಜುಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಧ್ಯಾಪಕರು ಎದುರಿಗಿದ್ದು, 9-ಅಮೈನೋಆಕ್ರಿಡಿನ್ ಪ್ರಯೋಗವನ್ನು ಮಾಡಿಸಲಿ. ಎಡಿಪಿ ಹಾಕಿದಾಗ ಗೆರೆ ಮೇಲೇರಿ ಮತ್ತೆ ಕೆಳಗಿಳಿಯುವುದನ್ನು ವಿದ್ಯಾರ್ಥಿಗಳು ತಾವೇ ನೋಡಲಿ.